ವಾಡೆ ಉಳಿಸುವುದಾದರೆ ಮೊದಲು ಮಾಳಿಗೆ ಹತ್ತಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ದೇಸಾಯರ, ದೇಶಪಾಂಡೆಯವರ, ನಾಡಗೌಡರ ವಾಡೆಗಳು ಇನ್ನೂ ನಿಂತಿವೆ. ಒಂದಿಷ್ಟು ಬೀಗ ಹಾಕಿಕೊಂಡು ಕೂತಿವೆ, ಒಂದಿಷ್ಟರಲ್ಲಿ ಅರ್ಧ ಭಾಗ ಮಾತ್ರ ವಾಸಕ್ಕಿದೆ. ಈಚೆಗೆ ಅಂಥ ಮನೆಗಳನ್ನು ಮತ್ತೆ ಎಬ್ಬಿಸುವ ಉಮೇದು ಬಂದಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ದುಡ್ಡು ಮೊದಲು ಎಲ್ಲಿಗೆ ಹೋಗುತ್ತದೆ ನೋಡಿ: ತಲಬಾಗಿಲಿನ ಪಾಲಿಶ್, ಪಡಸಾಲೆಗೆ ಟೈಲ್ಸ್, ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಬಣ್ಣ. ಎರಡು ಮೂರು ಮಳೆಗಾಲದಲ್ಲಿ ಬಣ್ಣ ಹಕ್ಕಳೆ ಏಳುತ್ತದೆ, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ವಾಡೆಯನ್ನು ಕೆಡವುವುದು ವಯಸ್ಸಲ್ಲ, ನೀರು. ಆದ್ದರಿಂದ ಕೆಲಸದ ಕ್ರಮವೂ ನೀರು ಬರುವ ದಾರಿಯನ್ನೇ ಹಿಡಿಯಬೇಕು: ಮಾಳಿಗೆ (ಮಣ್ಣಿನ ಚಾವಣಿ), ಕುಂಬಿ (ಅದರ ಅಂಚಿನ ಗಿಡ್ಡ ಗೋಡೆ), ಹರನಾಳಿಗೆ (ಮಳೆನೀರು ಹೊರಗೆ ಬೀಳುವ ದೋಣಿ), ಆಮೇಲೆ ಗೋಡೆ, ಆಮೇಲೆ ಕಟ್ಟಿಗೆ, ಎಲ್ಲಕ್ಕಿಂತ ಕೊನೆಗೆ ಸುಣ್ಣಬಣ್ಣ.

ಮಾಳಿಗೆಯ ಭಾರ ಎಷ್ಟಿದೆ ಎಂದು ಹೆಚ್ಚಿನವರು ಲೆಕ್ಕ ಹಾಕಿರುವುದಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ ಸೀಳು, ಅದರ ಮೇಲೆ ಬೇವಿನ ಇಲ್ಲವೆ ಲಕ್ಕಿ ಸೊಪ್ಪು, ಆಮೇಲೆ ಮಣ್ಣು, ಮೇಲ್ಗಡೆ ಕರಲು, ಅಂದರೆ ಸವಳು ಮಣ್ಣು. ಕರಲಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೆನೆದಾಗ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹಿರಿಯರು ಕಂಡುಕೊಂಡ ಈ ಉಪಾಯ ಅಪ್ಪಟ ವಿಜ್ಞಾನ. ತೊಂದರೆ ಬಂದಿರುವುದು ವರ್ಷಾ ವರ್ಷ ಹಳೆಯದನ್ನು ಕೆರೆದು ತೆಗೆಯದೆ ಹೊಸ ಮಣ್ಣು ಹಾಕುತ್ತ ಬಂದದ್ದರಿಂದ. ಒಂದು ಅಡಿ ಮಣ್ಣು ಎಂದರೆ ಒಂದು ಚದರ ಮೀಟರಿಗೆ ಸುಮಾರು 500 ಕಿಲೋ. 10 ಅಡಿಗೆ 10 ಅಡಿ ಖೋಲಿಯ ಮೇಲೆ ಹತ್ತಿರ ಹತ್ತಿರ 5 ಟನ್. ಅದು ಎರಡು ಅಡಿಗೆ ಬೆಳೆದಿದ್ದರೆ 10 ಟನ್, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಉಕ್ಕಿದಾಗ ನದಿಪಾತ್ರದ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಬುಡದಲ್ಲಿ ಗೋಡೆಯ ಮಣ್ಣು ನೆನೆದು ಮೆತ್ತಗಾದಾಗ ನೆತ್ತಿಯ ಮೇಲೆ ಅಷ್ಟು ಭಾರವಿದ್ದರೆ ಮನೆ ನಿಲ್ಲುವುದು ಕಷ್ಟ.

ಎಲ್ಲಿಯಾದರೂ ಒಂದು ಕಡೆ ಸಣ್ಣ ಗುಂಡಿ ತೋಡಿ ಮಣ್ಣಿನ ದಪ್ಪ ಅಳೆಯಿರಿ. ಆಮೇಲೆ ಕೆಳಗೆ ಬಂದು ತೊಲೆಯ ಎರಡು ತುದಿಗೆ ದಾರ ಬಿಗಿದು ನಡುವಿನ ಜೋಲು ನೋಡಿ. 10 ಅಡಿ ತೊಲೆ ಒಂದು ಇಂಚಿಗಿಂತ ಹೆಚ್ಚು ಜೋತಿದ್ದರೆ ಮಣ್ಣು ಇಳಿಸುವವರೆಗೆ ಆ ಖೋಲಿಯಲ್ಲಿ ಯಾರೂ ಮಲಗಬಾರದು.

ಮಣ್ಣು ಇಳಿಸುವ ಮುಂಚೆ ಪ್ರತಿ ತೊಲೆಗೂ ಆಸರೆ ಕೊಡಬೇಕು. ಇಲ್ಲಿ ನಮ್ಮ ಭಾಗದ ವಾಡೆಗಳಲ್ಲಿ ಒಂದು ಅಪಾಯವಿದೆ: ಹಗೇವು. ಪಡಸಾಲೆಯ, ಅಂಗಳದ ಅಡಿಯಲ್ಲಿ ಜೋಳ ತುಂಬುತ್ತಿದ್ದ ಹಗೇವುಗಳ ಬಾಯಿಗೆ ಎಷ್ಟೋ ಕಡೆ ಹಾಸುಗಲ್ಲು ಮುಚ್ಚಿ ಮರೆತೇಬಿಟ್ಟಿದ್ದಾರೆ. ಆಸರೆ ಕಂಬದ ಕಾಲು ಸರಿಯಾಗಿ ಅದರ ಮೇಲೆ ಬಂದರೆ ನೆಲ ಕುಸಿದು ಮೇಲಿನ ತೊಲೆಯೂ ಕೆಳಗೆ ಬರುತ್ತದೆ. ಹಾರಿಯಿಂದ ನೆಲ ಕುಟ್ಟಿ ದನಿ ಕೇಳಿ, ಮನೆಯ ಹಿರಿಯರನ್ನು ವಿಚಾರಿಸಿ, ಕಂಬದ ಕೆಳಗೆ 3 ಇಂಚು ದಪ್ಪದ ಹಲಗೆ ಹಾಸಿ ಭಾರ ಹಂಚಿ. ಹಗೇವು ಸಿಕ್ಕರೆ ಕೂಡಲೇ ಇಳಿಯಬೇಡಿ. ಮುಚ್ಚಿಟ್ಟ ಹಗೇವಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಕಡಿಮೆಯಾಗಿರುತ್ತದೆ, ಇಳಿದವರು ಕೂಗುವ ಮುಂಚೆಯೇ ಎಚ್ಚರ ತಪ್ಪುತ್ತಾರೆ. ಬಾಯಿ ತೆರೆದು ಬಿಟ್ಟು, ಬ್ಲೋವರ್‌ನಿಂದ ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಂತಾಗ ಮಾತ್ರ ಒಬ್ಬರು ಇಳಿಯಬೇಕು.

ಆಸರೆ ಬಿಗಿಯಾಗಿ ತಾಗಿದರೆ ಸಾಕು, ತೊಲೆಯನ್ನು ಎತ್ತಬೇಡಿ. ನೂರು ವರ್ಷ ಜೋತು ಕೂತ ಸಾಗವಾನಿ ಆ ಆಕಾರಕ್ಕೇ ಒಗ್ಗಿರುತ್ತದೆ. ಜಾಕ್ ಹಚ್ಚಿ ಒಂದೇ ದಿನ ನೆಟ್ಟಗೆ ಮಾಡಲು ಹೋದರೆ ನಡುವೆ ಸೀಳುತ್ತದೆ, ಇಲ್ಲವೆ ಬೋದಿಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ಕಟ್ಟಿಗೆ) ಕಿತ್ತು ಬರುತ್ತದೆ. ಎತ್ತಲೇಬೇಕಾದರೆ ದಿನಕ್ಕೆ 2–3 ಮಿಲಿಮೀಟರ್, ಅದೂ ಭಾರವೆಲ್ಲ ಇಳಿದ ಮೇಲೆ. ಮಣ್ಣನ್ನು ಒಂದೇ ಖೋಲಿಯಿಂದ ಪೂರ್ತಿ ತೆಗೆಯದೆ ಇಡೀ ಮಾಳಿಗೆಯ ಮೇಲೆ ನಾಲ್ಕು ನಾಲ್ಕು ಇಂಚು ಸಮನಾಗಿ ಇಳಿಸುತ್ತ ಬರಬೇಕು. ತೆಗೆದ ಮಣ್ಣಿನ ಗುಡ್ಡೆ ಮಾಳಿಗೆಯ ಮೇಲೆ ಅರ್ಧ ದಿನವೂ ನಿಲ್ಲಬಾರದು.

ಭಾರದ ವಿಚಾರದಲ್ಲಿ ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದ ಮಹಲುಗಳ ಪಾಡೂ ಇದೇ. 1485ರಿಂದ 1603ರವರೆಗಿನ ಆ ಕಾಲದ ಎಷ್ಟೋ ಮನೆಗಳೆಂದರೆ ಓಕ್ ಮರದ ಚೌಕಟ್ಟು, ನಡುವೆ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು, ಮೇಲೆ ಸುಣ್ಣ. ಚೆಷೈರ್‌ನ ಲಿಟ್ಲ್ ಮೋರ್ಟನ್ ಹಾಲ್ ಚಿತ್ರ ನೋಡಿದವರಿಗೆ ಅದರ ವಾಲಿದ ಸಾಲುಗಳು ನೆನಪಿರುತ್ತವೆ. ಮೂಲದ ಯೋಚನೆಯಲ್ಲಿ ಇಲ್ಲದಿದ್ದ ಉದ್ದನೆಯ ಗ್ಯಾಲರಿಯೊಂದನ್ನು ನೆತ್ತಿಯ ಮೇಲೆ ಏರಿಸಿ, ಅದಕ್ಕೆ ಭಾರವಾದ ಕಲ್ಲು ಚಪ್ಪಡಿಯ ಚಾವಣಿ ಹೊದಿಸಿದರು. ಕೆಳಗಿನ ಅಂತಸ್ತುಗಳು ಬಾಗಿದ್ದು ಆ ಭಾರಕ್ಕೆ. 20ನೇ ಶತಮಾನದಲ್ಲಿ ಇಂಥ ಎಷ್ಟೋ ಮನೆಗಳ ಗೋಡೆಗೆ ಸಿಮೆಂಟ್ ಬಳಿದರು. ಸಿಮೆಂಟ್ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾಗದೆ ಓಕ್ ಚೌಕಟ್ಟಿನ ಬುಡವನ್ನೇ ಕೊಳೆಸಿತು. ವಿಲಿಯಂ ಮೋರಿಸ್ ಮತ್ತು ಗೆಳೆಯರು 1877ರಲ್ಲಿ ಕಟ್ಟಿದ ಹಳೇ ಕಟ್ಟಡಗಳ ರಕ್ಷಣಾ ಸಂಘ ಇವತ್ತಿಗೂ ಹೇಳುವುದು ಒಂದೇ ಮಾತು: ಕಡಿಮೆ ಮುಟ್ಟಿ, ಸುಣ್ಣದ ಗೋಡೆಗೆ ಸುಣ್ಣವನ್ನೇ ಹಚ್ಚಿ.   

ಮಾಳಿಗೆಗೆ ಮತ್ತೆ ಏನು ಹಾಕಬೇಕು? ತೊಲೆ ಗಟ್ಟಿಯಿದ್ದು, ವರ್ಷಕ್ಕೊಮ್ಮೆ ನೋಡಿಕೊಳ್ಳುವ ಜನ ಮನೆಯಲ್ಲಿದ್ದರೆ 8–9 ಇಂಚು ಮಣ್ಣು, ಮೇಲೆ ಕರಲು ಸಾಕು. ಬೇಸಿಗೆಯಲ್ಲಿ ಅಷ್ಟು ತಂಪು ಬೇರೆ ಯಾವುದೂ ಕೊಡುವುದಿಲ್ಲ. ನೋಡಿಕೊಳ್ಳುವವರಿಲ್ಲದಿದ್ದರೆ ಸುಣ್ಣದ ಕಾಂಕ್ರೀಟ್ ಒಳ್ಳೆಯದು. ಸುಣ್ಣ 1 ಪಾಲು, 12ರಿಂದ 20 ಮಿಲಿಮೀಟರಿನ ಇಟ್ಟಂಗಿ ಜಲ್ಲಿ ಎರಡೂವರೆ ಪಾಲು. ಜಲ್ಲಿ ಮುಂಚೆಯೇ ನೀರಲ್ಲಿ ಪೂರ್ತಿ ನೆನೆದಿರಬೇಕು, ಇಲ್ಲದಿದ್ದರೆ ಸುಣ್ಣದ ನೀರನ್ನೆಲ್ಲ ಹೀರಿ ಪುಡಿಪುಡಿ ಮಾಡುತ್ತದೆ. 4 ಇಂಚು ದಪ್ಪ ಹರಡಿ, ಬೆಲ್ಲದ ನೀರು ಚಿಮುಕಿಸುತ್ತ, ಕಟ್ಟಿಗೆ ಬಡಿಗೆಯಿಂದ ದಿನಗಟ್ಟಲೆ ಬಡಿಯಬೇಕು. ಬಡಿಗೆ ಗುರುತು ಮೂಡಿಸದೆ ಪುಟಿಯುವವರೆಗೆ ನಿಲ್ಲಿಸಬಾರದು. ಈ ಪದರದ ಭಾರ ಚದರ ಮೀಟರಿಗೆ ಸುಮಾರು 180 ಕಿಲೋ. ಇಳಿಜಾರು 60ಕ್ಕೆ 1, ಅಂದರೆ 10 ಅಡಿಗೆ 2 ಇಂಚು. ಹಳೇ ಮಣ್ಣಿನ ಮೇಲೆಯೇ ಸಿಮೆಂಟ್ ಕಾಂಕ್ರೀಟ್ ಹಾಕುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ದಾರಿ. ಭಾರ ಇಳಿಯುವುದಿಲ್ಲ, ಏರುತ್ತದೆ. ಕಟ್ಟಿಗೆ ಋತುಮಾನಕ್ಕೆ ತಕ್ಕಂತೆ ಅಲುಗಿದಾಗ ಸಿಮೆಂಟ್ ಬಿರಿಯುತ್ತದೆ, ಆ ಬಿರುಕಿನ ನೀರು ಮಣ್ಣಲ್ಲಿ ಉಳಿದು ಹಲಗೆ ಕೊಳೆತು ಉದುರುವವರೆಗೂ ಕೆಳಗೆ ಗೊತ್ತಾಗುವುದಿಲ್ಲ.

ಹರನಾಳಿಗೆ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಗೆ ಚಾಚಿರಬೇಕು. ಕಲ್ಲಿನದು ಮುರಿದಿದ್ದರೆ ಬದಲಿಗೆ ತುಂಡು ಪಿವಿಸಿ ಪೈಪ್ ಸಿಕ್ಕಿಸುತ್ತಾರೆ. ಅದು ಗಿಡ್ಡವಾಗಿ, ನೀರು ಗೋಡೆಯ ಮೈಮೇಲೆಯೇ ಇಳಿಯುತ್ತದೆ. ಕುಂಬಿಯ ತಲೆಗೆ ಹೊದಿಕೆ ಕಲ್ಲು ಇಲ್ಲದಿದ್ದರೆ ಹಾಕಿಸಿ. ಬೆಳಕಿಂಡಿಯ ಸುತ್ತ 4 ಇಂಚು ಎತ್ತರದ ಕಟ್ಟು ಬೇಕು.

ಇನ್ನು ಗೋಡೆ. ಎರಡು ಎರಡೂವರೆ ಅಡಿ ದಪ್ಪದ ಗೋಡೆ ಒಂದೇ ಗೋಡೆಯಲ್ಲ. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಮುಖ, ನಡುವೆ ಚೂರುಕಲ್ಲು, ಮಣ್ಣು. ಮೇಲಿನಿಂದ ನೀರು ಇಳಿದರೆ ನಡುವಿನ ತುಂಬು ಕುಗ್ಗಿ ಕೆಳಗೆ ಕೂತು, ಹೊರಮುಖ ಹೊಟ್ಟೆ ಬಿಡುತ್ತದೆ. ಎರಡೂ ಮುಖ ಹಿಡಿದಿಡುವ ಉದ್ದ ಕಲ್ಲುಗಳು ಎಲ್ಲಿ ಕಡಿಮೆ ಇವೆಯೋ ಅಲ್ಲೇ ಉಬ್ಬು. ಅಂಥ ಕಡೆ ಸುಣ್ಣದ ಗ್ರೌಟ್ (ಹರಿಯುವಷ್ಟು ತೆಳುವಾದ ಗಾರೆ) ಇಳಿಸುತ್ತಾರೆ: ಒಂದೂವರೆ ಎರಡು ಅಡಿಗೊಂದು ರಂಧ್ರ, ಕೆಳಗಿನ ಸಾಲಿನಿಂದ ಶುರು, ಕೊಳವೆ ಮತ್ತು ಆಲಿಕೆಯಿಂದ ತನ್ನ ತೂಕಕ್ಕೆ ತಾನೇ ಇಳಿಯುವಂತೆ, ದಿನಕ್ಕೆ ಎರಡು ಅಡಿ ಎತ್ತರಕ್ಕಿಂತ ಹೆಚ್ಚಿಲ್ಲ. ಪಂಪಿನ ಒತ್ತಡದಿಂದ ತುಂಬಿದರೆ ಉಬ್ಬಿದ ಮುಖ ಕಳಚಿ ಬೀಳುತ್ತದೆ. ಉಬ್ಬು ಮಿತಿಮೀರಿದ್ದರೆ ಕಲ್ಲಿಗೆ ನಂಬರ್ ಹಾಕಿ ಬಿಚ್ಚಿ ಕಟ್ಟುವುದೇ ದಾರಿ.

ಬಿರುಕು ಕಂಡ ಕೂಡಲೇ ತುಂಬಬೇಡಿ. ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಮೇಲೆ ನಿಂತ ಮನೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ನೆಲದ ಜೊತೆ ತಾನೂ ಅಲುಗುತ್ತದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಒಂದು ಪೂರ್ತಿ ವರ್ಷ ಗಾಜು ಒಡೆಯದಿದ್ದರೆ ಅದು ಹಳೇ ಬಿರುಕು, ತುಂಬಬಹುದು. ಒಡೆದರೆ ಬುಡದಲ್ಲಿ ನೀರು ನಿಲ್ಲುತ್ತಿದೆ ಎಂದು ತಿಳಿದು ಮೊದಲು ಚರಂಡಿ ನೋಡಿ. ಹೊಸದಾಗಿ ಮಾಡಿಸಿದ ಬಚ್ಚಲು, ಶೌಚಾಲಯಗಳೇ ಎಷ್ಟೋ ಸಲ ಇದಕ್ಕೆ ಕಾರಣ. ಅವನ್ನು ಮೂಲ ಗೋಡೆಗಳ ಒಳಗೆ ತರದೆ ಹಿತ್ತಲ ಕಡೆ ಬೇರೆಯಾಗಿ ಕಟ್ಟಿ.

ಸುಣ್ಣದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗಚ್ಚು ಅರೆಯುವ ಗಾಣಗಳು ನಿಂತು ತಲೆಮಾರುಗಳೇ ಕಳೆದಿವೆ, ಗೌಂಡಿಗಳಲ್ಲಿ ಕೈಪಳಗಿದವರು ವಿರಳ. ಸುಣ್ಣಗಲ್ಲು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ತೂಕದಲ್ಲಿ ಶೇ. 44 ಕಳೆದುಕೊಳ್ಳುತ್ತದೆ. ಚೆನ್ನಾಗಿ ಸುಟ್ಟ ಗಟ್ಟಿ ಕೈಗೆ ಹಗುರ ಎನಿಸಬೇಕು, ಭಾರವಿದ್ದರೆ ಒಳಗೆ ಕಲ್ಲು ಹಾಗೇ ಉಳಿದಿದೆ. ಅರಳಿಸುವಾಗ ಸುಣ್ಣದ ಮೂರು ಪಟ್ಟು ನೀರು ಇಟ್ಟುಕೊಂಡು, ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸುಣ್ಣದ ರಾಶಿಗೆ ನೀರು ಸುರಿದರೆ ಸಿಡಿಯುತ್ತದೆ, ಗಟ್ಟಿಗಳು ಹೊರಗಷ್ಟೇ ಅರಳಿ ಒಳಗೆ ಹಸಿಯಾಗಿ ಉಳಿಯುತ್ತವೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಮುಚ್ಚಿದ ಕನ್ನಡಕ, ಕೈಗವಸು ಇಲ್ಲದೆ ಯಾರೂ ಹತ್ತಿರ ಹೋಗಕೂಡದು. ಕುದಿ ಇಳಿದ ಮೇಲೆ ಸಣ್ಣ ಜಾಲರಿಯಲ್ಲಿ ಸೋಸಿ, ಮೇಲೆ ಎರಡು ಇಂಚು ನೀರು ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಬಿಡಿ. ಮೂರು ತಿಂಗಳಾದರೆ ಬೆಣ್ಣೆಯಂತೆ ಬರುತ್ತದೆ. ಅರಳದ ಕಣ ಉಳಿದರೆ ಗಿಲಾವು ಹಾಕಿದ ಎಷ್ಟೋ ದಿನಕ್ಕೆ ಗೋಡೆಯ ಮೇಲೆ ಒಂದೊಂದೇ ಸಿಡಿದು ಕುಳಿ ಬೀಳುತ್ತದೆ. ಅಂಗಡಿಯ ಚೀಲದ ಸುಣ್ಣ ತರುವುದಾದರೆ ಒಂದು ಚಮಚಕ್ಕೆ ದುರ್ಬಲ ಆಮ್ಲ ಹನಿಸಿ ನೋಡಿ. ಜೋರಾಗಿ ನೊರೆಯೆದ್ದರೆ ಅದು ಗಾಳಿಗೆ ಕೆಟ್ಟ ಹಳೇ ಮಾಲು.

ಗಾರೆಗೆ ಸುಣ್ಣ ಒಂದು ಪಾಲು, ಉಸುಕು ಮೂರು ಪಾಲು ಎಂಬ ಅಳತೆ ಬಂದದ್ದು ಉಸುಕಿನಿಂದಲೇ. ಒಂದು ಲೀಟರ್ ಒಣ ಉಸುಕಿನ ಡಬ್ಬಿಗೆ ಅಳೆದು ನೀರು ಹಾಕುತ್ತ ಹೋದರೆ ಸುಮಾರು ಮೂರನೇ ಒಂದು ಭಾಗ ಹಿಡಿಯುತ್ತದೆ. ಕಣಗಳ ನಡುವಿನ ಅಷ್ಟು ಜಾಗವನ್ನು ಸುಣ್ಣ ತುಂಬಬೇಕು. ನಿಮ್ಮ ಉಸುಕು 400 ಮಿಲಿ ಹಿಡಿದರೆ ಸುಣ್ಣವನ್ನೂ ಅದಕ್ಕೆ ತಕ್ಕಂತೆ ಏರಿಸಿ. ಬಾಟಲಿಯಲ್ಲಿ ಉಸುಕು ನೀರು ಕುಲುಕಿ ಇಟ್ಟು, ಮೇಲೆ ಕೂತ ರಾಡಿ ಶೇ. 8 ಮೀರಿದರೆ ತೊಳೆದೇ ಬಳಸಿ. ಬುನಾದಿಗೆ, ಮಾಳಿಗೆಗೆ, ಬಚ್ಚಲ ಪಕ್ಕಕ್ಕೆ ಸುರ್ಕಿ (ಇಟ್ಟಂಗಿ ಪುಡಿ) ಬೇಕು: ಸುಣ್ಣ 1, ಸುರ್ಕಿ 1, ಉಸುಕು 2. ಸುರ್ಕಿಗೆ ಕಮ್ಮಿ ಸುಟ್ಟ ಇಟ್ಟಂಗಿಯೇ ಆಗಬೇಕು. ಕರಕಲಾಗುವಷ್ಟು ಸುಟ್ಟ ಇಟ್ಟಂಗಿಯ ಪುಡಿ ಸುಣ್ಣದೊಂದಿಗೆ ಬೆರೆತು ಗಟ್ಟಿಯಾಗುವ ಗುಣ ಕಳೆದುಕೊಂಡಿರುತ್ತದೆ. ಬೆಲ್ಲ, ಜಜ್ಜಿ ನೆನೆಸಿದ ಅಳಲೆಕಾಯಿ ಎರಡೂ ಸೇರಿ ಸುಣ್ಣದ ತೂಕದ ಶೇ. 5ರ ಒಳಗಿರಲಿ. ಬೆಲ್ಲ ಗಾರೆಯನ್ನು ಕಡಿಮೆ ನೀರಿನಲ್ಲೇ ಮೆದುವಾಗಿಸುತ್ತದೆ. ಹೆಚ್ಚಾದರೆ ಗಾರೆ ವಾರವಾದರೂ ಬಿಗಿಯುವುದಿಲ್ಲ, ಇರುವೆ ಬೇರೆ.

ಹಳೇ ಗಾರೆಯ ಪ್ರಮಾಣ ತಿಳಿಯಲು ಒಂದು ತುಂಡನ್ನು ತೂಗಿ, ಪುಡಿಮಾಡಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣ ಕರಗಿಸಿ ಉಳಿದ ಉಸುಕು ತೂಗುವ ಪದ್ಧತಿಯಿದೆ. ತಾಳಿಕೋಟೆ, ಕಲಾದಗಿ, ಲೋಕಾಪುರದ ಕಡೆ ಇದನ್ನು ನಂಬಬೇಡಿ. ಅಲ್ಲಿಯ ನೆಲದಲ್ಲೇ ಸುಣ್ಣಗಲ್ಲು ಇರುವುದರಿಂದ ಉಸುಕಿನ ಕಣಗಳೂ ಕರಗಿ, ಸುಣ್ಣ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ.

ಗಿಲಾವಿನ ಒಂದೊಂದು ಪದರ 10–12 ಮಿಲಿಮೀಟರ್ ಮೀರಬಾರದು, ನಡುವೆ ವಾರ ಹತ್ತು ದಿನದ ಬಿಡುವು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ಅದಕ್ಕೆ ಹಸಿಯೂ ಬೇಕು, ಸಮಯವೂ ಬೇಕು. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಎಂಬುದು ಸ್ಥೂಲ ಲೆಕ್ಕ. ಮುರಿದ ತುಂಡಿಗೆ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ಹನಿಸಿದರೆ ಗುಲಾಬಿ ಬಣ್ಣಕ್ಕೆ ತಿರುಗಿದ ಭಾಗ ಇನ್ನೂ ಗಟ್ಟಿಯಾಗಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಗಿಲಾವು ಒಂದೇ ದಿನಕ್ಕೆ ಒಣಗಿ ಪುಡಿಯಾಗುತ್ತದೆ. ಹಾಗಾಗಿ ಮಾಳಿಗೆ ಬಿಚ್ಚುವ ಕೆಲಸ ಜನವರಿಯಿಂದ ಏಪ್ರಿಲ್, ಒಳಗಿನ ಸಂದು ತುಂಬುವುದು ಮಳೆಗಾಲದಲ್ಲಿ ಸೂರಿನಡಿ, ಗಿಲಾವು ಅಕ್ಟೋಬರ್‌ನಿಂದ ಫೆಬ್ರವರಿ. ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿತಟ್ಟು ಇಳಿಬಿಡಿ.

ಹಿಂದೆ ಯಾರೋ ತುಂಬಿದ ಸಿಮೆಂಟ್ ಸಂದುಗಳನ್ನು ಉಳಿ ಸುತ್ತಿಗೆಯಿಂದಲೇ ತೆಗೆಯಬೇಕು. ಗ್ರೈಂಡರ್ ಹಚ್ಚಿದರೆ ಕಲ್ಲಿನ ಅಂಚು ಹೋಗುತ್ತದೆ. ಬಾದಾಮಿ ಸುತ್ತಿನ ಮರಳುಗಲ್ಲಿಗೆ ಸಿಮೆಂಟ್ ಸಂದು ದೊಡ್ಡ ಶತ್ರು: ನೀರು ಸಂದಿನಿಂದ ಆರಲಾಗದೆ ಕಲ್ಲಿನ ಮೈಯಿಂದಲೇ ಆರುತ್ತದೆ, ಕಲ್ಲು ಪದರ ಪದರವಾಗಿ ಉದುರಿ ಕೊನೆಗೆ ಸಿಮೆಂಟಿನ ಬಲೆ ಮಾತ್ರ ಉಳಿಯುತ್ತದೆ. ಆದರೂ ಸಿಮೆಂಟ್ ಕಲ್ಲಿಗೆ ಕಚ್ಚಿ ಹಿಡಿದಿದ್ದರೆ, ಕಲ್ಲು ಒಡೆದು ತೆಗೆಯುವುದಕ್ಕಿಂತ ಬಿಟ್ಟುಬಿಡುವುದೇ ಸರಿ.

ಈಗ ಉಪ್ಪು. ಘಟಪ್ರಭಾ, ಮಲಪ್ರಭಾ ಕಾಲುವೆ ನೀರು ಬಂದ ಊರುಗಳಲ್ಲಿ ಅಂತರ್ಜಲ ಮೇಲೆದ್ದು ಸವಳು ಹೆಚ್ಚಿದೆ. ಆ ನೀರು ಗೋಡೆಯ ಬುಡದಿಂದ ಏರಿ, ಆರುವಾಗ ಉಪ್ಪನ್ನು ಗಿಲಾವಿನೊಳಗೆ ಬಿಟ್ಟುಹೋಗುತ್ತದೆ. ಹರಳುಗಟ್ಟುವ ಉಪ್ಪು ಗಿಲಾವನ್ನು ಸಿಡಿಸುತ್ತದೆ. ಸಿಮೆಂಟ್ ಬಳಿದು ಮುಚ್ಚಿದರೆ ತೇವ ಆ ಪಟ್ಟಿಯ ಮೇಲಕ್ಕೂ ಹತ್ತುತ್ತದೆ. ಒಳಗೆ ಸಿಮೆಂಟ್ ನೆಲ ಹಾಕಿದರೂ ಅಷ್ಟೇ, ನೆಲದಲ್ಲಿ ಆರುತ್ತಿದ್ದ ತೇವವೆಲ್ಲ ಗೋಡೆಗೆ ತಿರುಗುತ್ತದೆ. ನೆಲಕ್ಕೆ ತಾಳಿಕೋಟೆ ಫರ್ಸಿಯನ್ನು (ಹಾಸುಗಲ್ಲನ್ನು) ಸುಣ್ಣದ ಹಾಸಿನ ಮೇಲೆ ಕೂರಿಸಿ. ಬುಡದಿಂದ ಮೂರು ಅಡಿ ಎತ್ತರಕ್ಕೆ ಮೆತ್ತನೆಯ ಸುಣ್ಣದ ಗಿಲಾವು ಹಾಕಿ, ಉಪ್ಪು ಹೀರಿ ಉದುರಿದಾಗ ಅದನ್ನೇ ಬದಲಿಸುತ್ತ ಹೋಗುವುದು ಸರಿಯಾದ ಉಪಾಯ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಕೆರೆದು ಹೊರಗೆ ಚೆಲ್ಲಿ, ನೀರು ಹಾಕಿ ತೊಳೆದರೆ ಅದು ಮತ್ತೆ ಒಳಗೇ ಹೋಗುತ್ತದೆ. ನೆರೆಯಲ್ಲಿ ನಿಂತ ಮನೆಗೆ ಅವಸರದ ಗಿಲಾವು ಬೇಡ. ತಿಂಗಳಿಗೆ ಒಂದು ಇಂಚು ಆರುತ್ತದೆ ಎಂದುಕೊಂಡರೂ ಎರಡು ಅಡಿ ಗೋಡೆ ಎರಡೂ ಬದಿಯಿಂದ ಆರಲು ಒಂದು ವರ್ಷ ಬೇಕು.

ಕಟ್ಟಿಗೆಯಲ್ಲಿ ಕೆಡುವುದು ಬಹುತೇಕ ಗೋಡೆಯೊಳಗೆ ಹುದುಗಿದ ತುದಿ. ಸುತ್ತಿಗೆಯಿಂದ ತಟ್ಟಿ ದನಿ ಕೇಳಿ, ಅನುಮಾನವಿದ್ದರೆ 6 ಮಿಲಿಮೀಟರ್ ಡ್ರಿಲ್ ಇಳಿಸಿ ಬರುವ ಪುಡಿ ನೋಡಿ. ಗಟ್ಟಿ ಸಾಗವಾನಿಯಿಂದ ಸುರುಳಿ ಬರುತ್ತದೆ, ಕೊಳೆತದ್ದರಿಂದ ಕಂದು ಹಿಟ್ಟು. ತುದಿಯ ಒಂದು ಅಡಿ ಕೆಟ್ಟಿದೆ ಎಂದು ಇಡೀ ತೊಲೆ ಬಿಸಾಡಬೇಡಿ. ಕೆಟ್ಟದ್ದನ್ನು ಕೊಯ್ದು, ತೊಲೆಯ ಎತ್ತರದ ಮೂರು ಪಟ್ಟು ಉದ್ದದ ಓರೆ ಬೆಸುಗೆಯಿಂದ ಅದೇ ಜಾತಿಯ ಒಣ ಮರ ಜೋಡಿಸಿ, ಸ್ಟೇನ್‌ಲೆಸ್ ಬೋಲ್ಟ್ ಹಾಕಬೇಕು. ಬಾಗಲಕೋಟೆಯ ಕಡೆ ಹಳೇ ಮನೆ ಬಿಚ್ಚಿದ ಸಾಗವಾನಿ ಸಿಗುತ್ತದೆ, ಈ ಕೆಲಸಕ್ಕೆ ಹೊಸ ಮರಕ್ಕಿಂತ ಅದೇ ಮೇಲು. ಕೊಯ್ಯುವ ಮುಂಚೆ ಮೊಳೆಗಳನ್ನು ಹುಡುಕಿ ತೆಗೆಯಿರಿ. ತುದಿಯನ್ನು ಕಲ್ಲಿನ ಹಾಸಿನ ಮೇಲೆ ಕೂರಿಸಿ, ಸುತ್ತ ಅರ್ಧ ಇಂಚು ಗಾಳಿ ಬಿಡಿ. ವಿಜಯಪುರದ ಅಸರ ಮಹಲಿನ ಎತ್ತರದ ಕಟ್ಟಿಗೆ ಕಂಬಗಳು ಇಷ್ಟು ಶತಮಾನ ತಾಳಿದ್ದರಲ್ಲಿ ಸುತ್ತ ಆಡುವ ಗಾಳಿಯ ಪಾಲು ಸಣ್ಣದಲ್ಲ.

ಕಂಬ, ಬಾಗಿಲಿಗೆ ವಾರ್ನಿಶ್ ಬೇಡ. ಕುದಿಸಿದ ಅಗಸೆ ಎಣ್ಣೆಗೆ ಸಮ ಟರ್ಪೆಂಟೈನ್ ಬೆರೆಸಿ ಮೊದಲ ಕೈ, ಆಮೇಲಿನ ಎರಡು ಕೈ ಬರೀ ಎಣ್ಣೆ, ಪ್ರತಿ ಕೈಯ ನಂತರ ಉಳಿದದ್ದನ್ನು ಒರೆಸಿ ತೆಗೆಯಬೇಕು. ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟಿ ಅರಿವೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಳೇ ಕಟ್ಟಿಗೆ ಮನೆಗೆ ಅಷ್ಟು ಸಾಕು. ನೀರಿನ ಬಕೆಟ್ಟಿನಲ್ಲಿ ಅದ್ದಿ, ಬಯಲಲ್ಲಿ ಹರಡಿ ಒಣಗಿಸಿ.

ಕಾನೂನಿನ ಮಾತೂ ಇದೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ವಿಜಯಪುರ ನಗರ, ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಇದಕ್ಕೆ ಸಿಗುವ ಮನೆಗಳು ಬಹಳ. ಗೌಂಡಿಗೆ ಮುಂಗಡ ಕೊಡುವ ಮೊದಲೇ ಅರ್ಜಿ ಹಾಕಿ.

ಕೊನೆಗೆ ಸುಣ್ಣಬಣ್ಣ: ಹಾಲಿನಷ್ಟು ತೆಳು, ನಾಲ್ಕೈದು ಕೈ, ಪ್ರತಿ ಕೈಗೂ ಮುಂಚೆ ಗೋಡೆ ಒದ್ದೆ. ಪ್ಲಾಸ್ಟಿಕ್ ಎಮಲ್ಶನ್ ಹಚ್ಚಿದರೆ ಇಷ್ಟು ಮಾಡಿದ್ದೆಲ್ಲ ಹಾಳು. ಆಮೇಲೆ ಪ್ರತಿ ಮೇ ತಿಂಗಳು ಮಾಳಿಗೆ ಹತ್ತಿ ಹರನಾಳಿಗೆಯ ಕಸ ತೆಗೆಯಿರಿ, ಕುಂಬಿಯ ಸಂದಿನಲ್ಲಿ ಚಿಗುರಿದ ಅರಳಿ ಸಸಿಯನ್ನು ಬೇರು ಸಮೇತ ಕೀಳಿ, ಕರಲು ಎಲ್ಲಿ ತೆಳುವಾಗಿದೆಯೋ ಅಲ್ಲಿ ಮಾತ್ರ ಹಾಕಿ. ಮೊದಲ ದೊಡ್ಡ ಮಳೆಯ ಮರುದಿನ ಬ್ಯಾಟರಿ ಹಿಡಿದು ಒಂದೊಂದು ತೊಲೆಯ ತುದಿಯನ್ನೂ ಕೈಯಿಂದ ಮುಟ್ಟಿ ನೋಡಿ. ತಣ್ಣಗೆ ಒದ್ದೆ ಹತ್ತಿದ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಆ ವಾರವೇ ಅದರ ನೇರ ಮೇಲಿನ ಮಾಳಿಗೆಯನ್ನು ಕೆದಕಿ ನೋಡಿ.